ಲಿವರಿನೊಳಗಿನ ಸಾವಕಾಶದ ಆಳು

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಸೊಕ್ಕು ಇರಬೇಕು ಎಂಬುದು ನನ್ನ ಅಭಿಪ್ರಾಯ. ಸೊಕ್ಕು ಇಲ್ಲದವನು ಬೆಳಿಗ್ಗೆ ಹಾಸಿಗೆಯಿಂದ ಏಳುವುದಾದರೂ ಯಾಕೆ? ಕೆಲವರಿಗೆ ಹೊಲದ ಸೊಕ್ಕು ಇರುತ್ತದೆ, ಕೆಲವರಿಗೆ ಮನೆತನದ್ದು, ಎರಡೂ ಇಲ್ಲದವರಿಗೆ ಮೀಸೆಯದ್ದು. ನನಗಿದ್ದದ್ದು ದುಡಿಮೆಯ ಸೊಕ್ಕು. ಆರನೆಯ ಇಯತ್ತೆಯ ನಡುವೆಯೇ ಸಾಲಿ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಮಾಸ್ತರರು ಭಿನ್ನರಾಶಿ ಕಲಿಸಲು ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ಕಾಯುವುದು ನನ್ನಿಂದ ಆಗಲಿಲ್ಲ ಎನ್ನಬಹುದು. ಅರ್ಧ, ಕಾಲು, ಮುಕ್ಕಾಲು ಎಂದು ಅವರು ಹಲಗೆಯ ಮೇಲೆ ರೊಟ್ಟಿಯ ಚಿತ್ರ ಬರೆದು ಹರಿಯುತ್ತಾ ನಿಂತಿದ್ದಾಗ ನನಗೆ ಇಡೀ ರೊಟ್ಟಿಯ ನೆನಪಾಗಿ ಎದ್ದು ಬಂದವನು ತಿರುಗಿ ಹೋಗಲಿಲ್ಲ. ಅಂದಿನಿಂದ ನಾನು ಕೈಕಟ್ಟಿ ಕೂತದ್ದನ್ನು ನೋಡಿದವರಿಲ್ಲ. ಹೆಂಡತಿ ಶಾಂತವ್ವ ಒಮ್ಮೆ ನೋಡಿದ್ದಾಳಂತೆ. ಅದು ನಮ್ಮ ಮದುವೆಯ ಹಂದರದಲ್ಲಿ. ಆಗಲೂ ಬಾಸಿಂಗದ ದಾರ ಸಡಿಲಾಗಿದೆ ಎಂದು ನಾನೇ ಬಿಚ್ಚಿ ಬಿಗಿದುಕೊಂಡೆನಂತೆ.

ಮೂಡಲಗಿಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿ. ಘಟಪ್ರಭೆಯ ಕಾಲುವೆಯ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಪಂಪು ಬಂತು, ಪಂಪಿನ ಹಿಂದೆ ಏರಿಳಿಯುವ ಕರೆಂಟು ಬಂತು, ಕರೆಂಟಿನ ಹಿಂದೆ ನಾನು ಬಂದೆ. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನನ್ನ ಕಸುಬು. ಕೀಳುವ ಮೊದಲು ಹಳೆಯದರಲ್ಲಿ ಎಷ್ಟು ಸುತ್ತು ಇದ್ದವು ಎಂದು ಎಣಿಸಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಈ ಕಸುಬಿನ ವೇದ ಎಂದರೆ ಆ ನೋಟುಬುಕ್ಕು. ಅದರಲ್ಲಿ ಎಣಿಕೆ ತಪ್ಪಿದರೆ ಮೋಟಾರು ತಿರುಗುತ್ತದೆ, ಸದ್ದೂ ಮಾಡುತ್ತದೆ, ಆದರೆ ನೀರು ಎತ್ತುವುದಿಲ್ಲ. ನನ್ನ ಕೈಕೆಳಗೆ ಮಲ್ಲಪ್ಪ ಎಂಬ, ನನ್ನದೇ ವಯಸ್ಸಿನ ಕೆಲಸಗಾರನಿದ್ದ. ಅವನು ಒಂದು ಸುರುಳಿ ಸುತ್ತುವಷ್ಟರಲ್ಲಿ ನಾನು ಮೂರು ಸುತ್ತುತ್ತಿದ್ದೆ. ಸಂಜೆ ಒಂದಿಷ್ಟು ಕುಡಿಯುತ್ತಲೂ ಇದ್ದ. ಹಾಗಾಗಿ ಅವನಿಗೆ ದಿನಕ್ಕೆ ಎರಡು ಪಾಠ: ಬೆಳಿಗ್ಗೆ ಚುರುಕಿನ ಬಗ್ಗೆ, ಸಂಜೆ ಚಟದ ಬಗ್ಗೆ.

"ಮಲ್ಲಪ್ಪ, ನೀ ತಂತಿ ಸುತ್ತಾಕತ್ತೀಯೋ, ಕೂಸಿಗೆ ಕುಂಚಿಗಿ ಹೊಲ್ಯಾಕತ್ತೀಯೋ?"

"ಮೋಟಾರಕ್ಕ ಅವಸರಿಲ್ರಿ ಮೇಸ್ತ್ರಿ. ನಿಮಗಷ್ಟ ಐತಿ."

ಇಂಥ ನನಗೆ ಲೋಕದಲ್ಲಿ ಒಬ್ಬನೇ ವೈರಿ. ಅವನು ಜೋಳದ ಕಾಳಿಗಿಂತ ತುಸು ದೊಡ್ಡವನು, ಹಳದಿ ಬಣ್ಣದವನು, ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವವನು. ಥಂಡಿಯ ಗುಳಿಗೆ. ಊರಿನ ಜನ ಅದನ್ನು ನುಂಗಿ, ಮೇಲೊಂದು ಚಹಾ ಕುಡಿದು, ಕಬ್ಬು ಕಡಿಯಲು ಹೋಗುತ್ತಾರೆ. ನಾನು ನುಂಗಿದರೆ ನನ್ನನ್ನೇ ಕಡಿದು ಹಾಕಿದಂತೆ ಬೀಳುತ್ತೇನೆ. ಈ ವೈರ ನನ್ನಪ್ಪನ ಕಾಲದ್ದು. ಅಪ್ಪ ಕುರಿ ಕಾಯುತ್ತಿದ್ದವನು. ಒಮ್ಮೆ ಹಿಡಕಲ್ಲಿನ ದಂಡೆಯಲ್ಲಿ ಕುರಿ ಬಿಟ್ಟಿದ್ದಾಗ ಸೀನುತ್ತಿದ್ದ ಅವನಿಗೆ ಕಾಲುವೆಯ ಕಡೆಯವರು ಯಾರೋ ಕರುಣೆಯಿಂದ ಒಂದು ಗುಳಿಗೆ ಕೊಟ್ಟರಂತೆ. ಅಪ್ಪ ಬೇವಿನ ಗಿಡದ ಕೆಳಗೆ ಕೂತವನು ಮರುದಿನವೇ ಎದ್ದ. ಕುರಿಗಳು ಅಷ್ಟರಲ್ಲಿ ಒಂದು ಶೇಂಗಾ ಹೊಲವನ್ನು ಪೂರ್ತಿ ಓದಿ ಮುಗಿಸಿದ್ದವು. ಊರವರು ಗಾಳಿ ಬಡಿದಿದೆ ಎಂದು ಅಪ್ಪನಿಗೆ ತಾಯಿತ ಕಟ್ಟಿಸಿದರು. ಅದಾದ ಮೇಲೆ ಅಪ್ಪ ಜೀವಮಾನದಲ್ಲಿ ಗುಳಿಗೆ ಮುಟ್ಟಲಿಲ್ಲ, ಗಾಳಿಯೂ ಅವನನ್ನು ಮುಟ್ಟಲಿಲ್ಲ. ಶ್ರೇಯಸ್ಸು ತಾಯಿತಕ್ಕೆ ಹೋಯಿತು.

ನಾನು ನನ್ನ ವಿಷಯವನ್ನು ಗುಟ್ಟಾಗಿ ಇಟ್ಟಿದ್ದೆ. ಇಪ್ಪತ್ತು ಅಶ್ವಶಕ್ತಿಯ ಮೋಟಾರನ್ನು ಇನ್ನೊಬ್ಬನ ಕೂಡ ಎತ್ತಿ ಗಾಡಿಗೆ ಹಾಕುವವನು ಒಂದು ಗುಳಿಗೆಗೆ ಬೀಳುತ್ತಾನೆ ಎಂದರೆ ಗಿರಾಕಿಗಳು ಏನೆಂದಾರು? ಅದೂ ಅಲ್ಲದೆ ನನ್ನ ಬಗ್ಗೆ ಊರಲ್ಲಿ ಬೇರೆಯೇ ಹೆಸರಿತ್ತು. ಒಮ್ಮೆ ಮೋಟಾರು ಜಾರಿ ಕಾಲಿನ ಮೇಲೆ ಬಿದ್ದು ಎಲುಬು ಮುರಿದಾಗ ನೋವಿಗೆಂದು ಕೊಟ್ಟ ಗುಳಿಗೆ ನನಗೆ ಕಡಲೆ ತಿಂದಷ್ಟೂ ನಾಟಲಿಲ್ಲ. ನಾನು ಹಲ್ಲು ಕಚ್ಚಿ, ಕಾಲಿಗೆ ಪಟ್ಟಿ ಕಟ್ಟಿಕೊಂಡು, ಕುರ್ಚಿಯ ಮೇಲೆ ಕೂತೇ ತಂತಿ ಸುತ್ತಿದೆ. "ಮೇಸ್ತ್ರಿ ಅಂದ್ರ ಕಬ್ಬಿಣ, ಔಷಧಕ್ಕೂ ಬಗ್ಗೂದಿಲ್ಲ" ಎಂದು ಜನ ಆಡಿಕೊಂಡರು. ಒಂದು ಗುಳಿಗೆ ನನಗೆ ನಾಟುವುದೇ ಇಲ್ಲ, ಇನ್ನೊಂದು ನಾಟಿದರೆ ಕೀಳುವುದೇ ಇಲ್ಲ. ಈ ವಿಚಿತ್ರವನ್ನು ನಾನು ಬಹಳ ಯೋಚಿಸಲಿಲ್ಲ. ಯೋಚಿಸುವುದೂ ಒಂದು ರೀತಿ ಕೈಕಟ್ಟಿ ಕೂಡುವುದೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಮಗಳು ಸುನಂದಾ ಗೋಕಾಕದಲ್ಲಿ ಬಿಎಸ್ಸಿ ಮುಗಿಸಿದ್ದಳು. ಹತ್ತರಗಿಯ ಲಗಮಣ್ಣ ಎಂಬವರ ಮನೆಯಿಂದ ಸಂಬಂಧ ಬಂತು. ಹುಡುಗ ಮಾರುತಿಗೆ ಹಿಡಕಲ್ ಡ್ಯಾಮಿನ ನೀರಾವರಿ ಕಚೇರಿಯಲ್ಲಿ ನೌಕರಿ. ಸುನಂದಾ ಅದಕ್ಕೂ ಮೊದಲು ಆರು ಸಂಬಂಧಗಳನ್ನು "ಬ್ಯಾಡ" ಎಂಬ ಒಂದೇ ಮಾತಿನಲ್ಲಿ ತಿರುಗಿಸಿದ್ದಳು. ಈ ಹುಡುಗ ಬಂದು ಹೋದ ಮೇಲೆ ಏನೂ ಅನ್ನಲಿಲ್ಲ. ಒಲೆಯ ಮುಂದೆ ಕೂತು ಹಾಡು ಗುನುಗುತ್ತಾ ಎರಡು ರೊಟ್ಟಿ ಸುಟ್ಟಳು. ಶಾಂತವ್ವ ಸುಟ್ಟ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, "ಇದ ನೋಡ್ರಿ ಒಪ್ಪಿಗಿ" ಎಂದಳು. ಹಾಗಾಗಿ ಈ ಸಂಬಂಧ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಮ್ಮ ಕಡೆ ಇಂಥ ಮಾತುಕತೆ ಮುಗಿದ ಮೇಲೆ ಹೆಣ್ಣಿನ ತಂದೆ ತನ್ನ ಕೈಯಾರೆ ಬೀಗರ ಬಾಯಿಗೆ ಸಕ್ಕರೆ ಹಾಕಬೇಕು. ಸಕ್ಕರೆ ಬಾಯಿಗೆ ಬಿತ್ತು ಎಂದರೆ ಮಾತು ಗಟ್ಟಿ. ಅಲ್ಲಿಯವರೆಗೆ ಆಡಿದ್ದೆಲ್ಲ ಗಾಳಿ. ಇನ್ನೊಂದು ನಿಯಮವೂ ಇದೆ: ಆ ಹೊತ್ತಿನಲ್ಲಿ ಯಾರೂ ಒಂಟಿ ಸೀನು ಸೀನಬಾರದು. ಸೀನಿದರೆ ಎಲ್ಲರೂ ಎದ್ದು, ಕೈಕಾಲು ತೊಳೆದು, ಇನ್ನೊಂದು ದಿನ ನೋಡಬೇಕು. ಇದಕ್ಕೆಲ್ಲ ನಾವು ಹತ್ತರಗಿಗೆ ಹೋಗಬೇಕಿದ್ದ ಗುರುವಾರದಂದೇ ಸರಿಯಾಗಿ ನನಗೆ ಥಂಡಿ ಹತ್ತಿತು. ಬೆಳಿಗ್ಗೆಯಿಂದ ಸೀನು ಒಂದೊಂದಾಗಿಯೇ ಬರುತ್ತಿದ್ದವು, ಜೋಡಿಯಾಗಿ ಒಂದೂ ಇಲ್ಲ.

"ಬಾಯಿಗೆ ಅರಿವಿ ಹಿಡ್ಕೊಂಡು ಕುಂದರ್ರಿ. ಗುಳಿಗಿ ತಗೋಬ್ಯಾಡ್ರಿ" ಎಂದಳು ಶಾಂತವ್ವ. ನನ್ನ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ.

"ಬೀಗರ ಮುಂದ ಬಾಯಿಗೆ ಅರಿವಿ ಹಿಡ್ಕೊಂಡು ಕುಂಡ್ರಾಕ ನಾ ಏನ್ ಹೊಸಾ ಮದಿಮಗಳೇನು?"

ಇಲ್ಲಿ ನಾನು ಮಾಡಿದ ತಪ್ಪನ್ನು ಕುರಿ ಕಾಯುವವರ ಮಗ ಮಾತ್ರ ಮಾಡಬಲ್ಲ. ಕುರಿಗೆ ಔಷಧ ಕುಡಿಸುವಾಗ ಅಪ್ಪ ತೂಕ ನೋಡಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದ. ಮರಿಗೆ ಅರ್ಧ ಗೊಟ್ಟ, ಕುರಿಗೆ ಒಂದು ಗೊಟ್ಟ, ಟಗರಿಗೆ ಎರಡು. ಕಡಿಮೆ ಕೊಟ್ಟರೆ ಔಷಧ ಮೈಯಲ್ಲಿ ದಾರಿ ತಪ್ಪಿ ಅಲೆಯುತ್ತದೆ ಎಂದು ಅವನ ಸಿದ್ಧಾಂತ. ನನಗೆ ಹೊಳೆಯಿತು: ನಾನು ಆಳು ಟಗರಿನಂತಿದ್ದೇನೆ, ಇಷ್ಟು ದಿನ ಕುರಿಯ ಪ್ರಮಾಣ ತೆಗೆದುಕೊಂಡದ್ದಕ್ಕೇ ಅದು ಮೈಯಲ್ಲಿ ಅಲೆದು ನಿದ್ದೆ ತರಿಸಿದೆ. ಎರಡು ಗುಳಿಗೆ ನುಂಗಿದೆ. ಅಂಗಡಿಯಲ್ಲಿ ತುರ್ತಿನದೊಂದು ಮೋಟಾರಿಗೆ ವಾರ್ನಿಶ್ ಕುಡಿಸುವುದು ಬಾಕಿಯಿತ್ತು. ಅದನ್ನು ಮುಗಿಸಿ, ಕೈಗೆ ಥಿನ್ನರ್ ತಿಕ್ಕಿ ತೊಳೆದು, ಹೊಸ ಧೋತರ ಉಟ್ಟು ಶಾಂತವ್ವನ ಜೊತೆ ಟ್ರ್ಯಾಕ್ಸ್ ಹತ್ತಿದೆ. ಹುಕ್ಕೇರಿಯ ತನಕ ನಾನು ಬಹಳ ಚುರುಕಾಗಿದ್ದೆ. ಹುಕ್ಕೇರಿ ದಾಟಿದ ಮೇಲೆ ರಸ್ತೆಯ ಗಿಡಗಳು ನನಗೆ ನಮಸ್ಕಾರ ಮಾಡತೊಡಗಿದವು.

ಲಗಮಣ್ಣನವರ ಮನೆ ಹೆದ್ದಾರಿಯ ಪಕ್ಕದಲ್ಲೇ. ಪಡಸಾಲೆಯಲ್ಲಿ ಕಂಬಳಿ ಹಾಸಿ ಹಿರಿಯರು ಕೂತಿದ್ದರು. ಮಾತು ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದು ಆಮೇಲೆ ಕೇಳಿ ತಿಳಿದೆ. ನನಗೆ ನೆನಪಿರುವುದು ಇಷ್ಟು: ಯಾರೋ ನನ್ನ ಬಲಗೈಗೆ ಸಕ್ಕರೆ ಹಾಕಿದರು. ನಾನು ಲಗಮಣ್ಣನವರ ಬಾಯಿಯತ್ತ ಕೈ ಎತ್ತಿದೆ. ಅವರು ಬಾಯಿ ತೆರೆದರು. ಆ ಬಾಯಿ ನಿಧಾನವಾಗಿ ದೂರ ಹೋಯಿತು. ಉಳಿದದ್ದನ್ನು ಶಾಂತವ್ವ ಹೇಳಬೇಕು. ನಾನು ಸಕ್ಕರೆಯ ಮುಷ್ಟಿ ಹಾಗೇ ಹಿಡಿದುಕೊಂಡು, ಬೀಗರ ಹೆಗಲಿಗೆ ತಲೆ ಇಟ್ಟು ಮಲಗಿದೆನಂತೆ. ಅವರು ಸ್ವಲ್ಪ ಹೊತ್ತು ಬಾಯಿ ತೆರೆದೇ ಇದ್ದರಂತೆ, ಮರ್ಯಾದೆಗೆ.

"ಏನಾತ್ರಿ ಬೀಗರಿಗೆ?"

"ನಿದ್ದಿ ಹತ್ತೇತ್ರಿ."

"ಮಟಮಟ ಮಧ್ಯಾಹ್ನದಾಗ?"

ಲಗಮಣ್ಣನವರ ತಮ್ಮ ಹತ್ತಿರ ಬಂದು ನನ್ನ ಅಂಗಿಯನ್ನು ಮೂಸಿದರಂತೆ. ಅವರು ಈ ವಿಷಯದಲ್ಲಿ ಅನುಭವಿ. "ಎಣ್ಣಿ ಹೊಡದಾರ. ಆದ್ರ ಇದು ಯಾವ ನಮೂನಿ ಅಂತ ತಿಳಿವಲ್ದು. ಬಲೇ ಜೋರ್ ಐತಿ" ಎಂದರಂತೆ. ಅದು ವಾರ್ನಿಶ್ ಮತ್ತು ಥಿನ್ನರಿನ ವಾಸನೆ. ಶಾಂತವ್ವ ಎಷ್ಟು ಹೇಳಿದರೂ ನಡೆಯಲಿಲ್ಲ. ಗಂಡ ಕುಡಿದಿಲ್ಲ ಎನ್ನುವ ಹೆಂಡತಿಯನ್ನು ಲೋಕ ಮೊದಲಿಂದಲೂ ನಂಬಿಲ್ಲ. ಟ್ರ್ಯಾಕ್ಸಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಡಚಿ ಇಟ್ಟು ಮೂಡಲಗಿಗೆ ತಂದರು. ಮರುದಿನ ಸಂಜೆ ಎದ್ದಾಗ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಸಕ್ಕರೆ ಬೆವರಿಗೆ ಕರಗಿ, ಒಣಗಿ, ಪಾಕ ಹಿಡಿದಿತ್ತು. ಶಾಂತವ್ವ ಬಿಸಿನೀರು ಹಾಕಿ ಬೆರಳು ಒಂದೊಂದಾಗಿ ಬಿಡಿಸಿದಳು. ಇರುವೆಗಳು ಮಾತ್ರ ಸಂತೋಷವಾಗಿದ್ದವು.

ಹತ್ತರಗಿಯಿಂದ ಮಾತು ಬಂತು: "ಸ್ವಲ್ಪ ವಿಚಾರ ಮಾಡಿ ಹೇಳ್ತೇವಿ." ಹಾಗೆಂದರೆ ಇಲ್ಲ ಎಂದರ್ಥ, ಇಲ್ಲ ಎನ್ನಲು ಸಜ್ಜನರು ಬಳಸುವ ಮಾತು. ಮೂಡಲಗಿಯಲ್ಲೂ ಸುದ್ದಿ ಹರಡಿತು. ನನ್ನ ಪಾಠ ಕೇಳಿಕೊಂಡು ವರ್ಷಗಟ್ಟಲೆ ತಲೆ ತಗ್ಗಿಸಿದ್ದ ಮಲ್ಲಪ್ಪ ಅಂಗಡಿಗೆ ಬಂದು, ನೋವಿನ ದನಿಯಲ್ಲಿ, "ಮೇಸ್ತ್ರಿ, ನನ್ನ ಬಿಟ್ಟು ಒಬ್ಬರ ಕುಡದ್ರ್ಯಾ?" ಎಂದ. ನಾನು ನಿಜ ಹೇಳಬಹುದಿತ್ತು. ಆದರೆ ನನ್ನ ಮುಂದೆ ಎರಡೇ ದಾರಿ: ಕುಡುಕ ಎನಿಸಿಕೊಳ್ಳುವುದು ಅಥವಾ ಜೋಳದ ಕಾಳಿನಷ್ಟು ಗುಳಿಗೆಗೆ ಬಿದ್ದವನು ಎನಿಸಿಕೊಳ್ಳುವುದು. ನಾನು ತಂತಿ ಸುತ್ತುವುದನ್ನು ಮುಂದುವರಿಸಿದೆ. ಮನೆಯಲ್ಲಿ ಸುನಂದಾ ಹಾಡು ಗುನುಗುವುದನ್ನು ಬಿಟ್ಟಿದ್ದಳು. ರೊಟ್ಟಿ ಒಂದೂ ಸುಡುತ್ತಿರಲಿಲ್ಲ. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಎಂಟು ದಿನದ ಮೇಲೆ ಅವಳೇ ಬಾಯಿ ಬಿಟ್ಟಳು. "ಅಪ್ಪಾ, ನೀವು ಕುಡದಿಲ್ಲ ಅಂತ ಅವ್ವ ಹೇಳ್ಯಾಳ. ಹಂಗಾರ ಇದು ಏನು ಅಂತ ಡಾಕ್ಟರಿಗೆ ಕೇಳೂನು, ನಡೀರಿ." ಗೋಕಾಕದಲ್ಲಿ ಒಬ್ಬ ತರುಣ ಡಾಕ್ಟರ್ ಇದ್ದರು. ಅವರಿಗೆ ಗಿರಾಕಿ ಕಡಿಮೆ, ಏಕೆಂದರೆ ಕೇಳಿದವರಿಗೆಲ್ಲ ಸೂಜಿ ಮಾಡುತ್ತಿರಲಿಲ್ಲ. ಗಿರಾಕಿ ಇಲ್ಲದ್ದರಿಂದ ದಪ್ಪ ದಪ್ಪ ಪುಸ್ತಕ ಓದುತ್ತಾ ಕೂತಿರುತ್ತಿದ್ದರು. ಅವರು ನನ್ನ ಕಥೆಯನ್ನು, ಅಪ್ಪನ ಶೇಂಗಾ ಹೊಲದ ಕಥೆಯನ್ನು, ಕಾಲು ಮುರಿದ ಕಥೆಯನ್ನು ಕೇಳುತ್ತಾ ಹೋದಂತೆ ಅವರ ಮುಖ ಅರಳುತ್ತಾ ಹೋಯಿತು. ನನ್ನ ಕಷ್ಟ ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

"ನೋಡ್ರಿ," ಎಂದರು, "ಗುಳಿಗಿ ಕರಗಿ ರಕ್ತಕ್ಕ ಹೋಗತೈತಿ. ಅದನ್ನ ಮುರದು ಹೊರಗ ಹಾಕಾಕ ಲಿವರಿನ್ಯಾಗ ಆಳು ಇರ್ತಾವ, ಎನ್‌ಜೈಮ್ ಅಂತಾರ. ಒಂದೊಂದು ನಮೂನಿ ಔಷಧಕ್ಕ ಒಂದೊಂದು ಆಳು. ನಿಮ್ಮಲ್ಲಿ ಈ ಥಂಡಿ ಗುಳಿಗಿ ಮುರಿಯೂ ಆಳು ಬಹಳ ಸಾವಕಾಶ ಐತಿ."

"ಎಷ್ಟು ಸಾವಕಾಶರಿ?"

"ಖರೆ ಹೇಳಬೇಕಂದ್ರ ಅದು ಕೆಲಸಕ್ಕ ಬಂದ ಇಲ್ಲ."

ಐವತ್ತು ವರ್ಷ ದುಡಿದ ದೇಹ. ಅದರೊಳಗೆ ಹುಟ್ಟಿದಾಗಿನಿಂದ ಒಬ್ಬ ಕೆಲಸಕ್ಕೇ ಬಾರದೆ ಅನ್ನ ತಿನ್ನುತ್ತಾ ಕೂತಿದ್ದಾನೆ. "ಅವನ್ನ ತಗದು ಹಾಕಾಕ ಬರೂದಿಲ್ಲೇನ್ರಿ?" ಎಂದೆ. ಬರುವುದಿಲ್ಲ ಎಂದರು. ಕಾಲು ಮುರಿದಾಗಿನ ವಿಷಯ ಇನ್ನೂ ಕೆಟ್ಟದಾಗಿತ್ತು. ಕೆಲವು ನೋವಿನ ಗುಳಿಗೆಗಳನ್ನು ಇದೇ ಆಳು ಮುರಿದು ತಯಾರು ಮಾಡಿ ಕೊಡಬೇಕಂತೆ. ಆಗಲೇ ಅದು ನೋವಿಗೆ ನಾಟುತ್ತದೆ. ಅಂದರೆ ಊರಲ್ಲಿ ನಾನು ಕಬ್ಬಿಣ ಎಂದು ಪಡೆದ ಹೆಸರೂ ಅವನು ಕೆಲಸಕ್ಕೆ ತಪ್ಪಿಸಿಕೊಂಡದ್ದರಿಂದ ಬಂದದ್ದು.

ನನ್ನ ಕಸುಬು ಕೇಳಿ ಡಾಕ್ಟರು ಇನ್ನೂ ಬಿಡಿಸಿ ಹೇಳಿದರು. ಆ ಆಳನ್ನು ಹೇಗೆ ತಯಾರಿಸಬೇಕು ಎಂಬುದು ಮೈಯಲ್ಲೇ ಬರೆದಿರುತ್ತದಂತೆ, ನನ್ನ ನೋಟುಬುಕ್ಕಿನಂತೆ. ಅದಕ್ಕೆ ಜೀನ್ ಎನ್ನುತ್ತಾರೆ. "ಅಪ್ಪನ ಕಡಿಯಿಂದ ಒಂದು ನೋಟುಬುಕ್ಕು, ಅವ್ವನ ಕಡಿಯಿಂದ ಒಂದು. ಒಂದರಾಗ ಎಣಿಕಿ ತಪ್ಪಿದ್ರೂ ಇನ್ನೊಂದು ನೋಡಿ ಕೆಲಸ ನಡೀತೈತಿ. ಎರಡೂ ತಪ್ಪಿದ್ರಷ್ಟ ಹಿಂಗಾಗೂದು. ನಿಮ್ಮಲ್ಲಿ ಎರಡೂ ತಪ್ಪಿರಬೇಕು."

"ನನ್ನಲ್ಲಿ?" ಎಂದಳು ಸುನಂದಾ.

"ನಿಮಗ ಅಪ್ಪನ ಕಡಿಯಿಂದ ಬಂದದ್ದು ತಪ್ಪಿದ್ದ. ಅವ್ವನ ಕಡಿದು ಸರಿ ಇರಬೇಕು. ನೀವು ಆ ಗುಳಿಗಿ ತಗೊಂಡ್ರ?"

"ಏನೂ ಆಗೂದಿಲ್ರಿ. ಪರೀಕ್ಷಾದಾಗ ತಗೊಂಡು ಓದೇನಿ."

"ಹಂಗಾರ ನಿಮಗೇನೂ ತ್ರಾಸಿಲ್ಲ. ಆದ್ರ ಇದು ನನ್ನ ಅಂದಾಜು ಮತ್ತ. ಪರೀಕ್ಷಾ ಮಾಡೂ ಸೌಲತ್ತು ಇಲ್ಲಿಲ್ಲ." ಹೀಗೆಂದು ಅವರು ಒಂದು ಚೀಟಿ ಬರೆದುಕೊಟ್ಟರು: ಇವರಿಗೆ ಥಂಡಿಯ ಔಷಧ ಅತಿಯಾಗಿ ಏರುತ್ತದೆ, ಅಂದು ಆದದ್ದು ಅದರಿಂದಲೇ ಇರಬೇಕು, ಮದ್ಯದಿಂದ ಎಂದು ತಿಳಿಯಬಾರದು. ಕೆಳಗೆ ಆ ಜೀನಿನ ಹೆಸರು: ಸಿವೈಪಿ ಟು ಡಿ ಸಿಕ್ಸ್. ನೋಡಿದರೆ ಮೋಟಾರಿನ ಮಾಡೆಲ್ ನಂಬರಿನಂತಿತ್ತು. ನನಗೆ ವಿಶ್ವಾಸ ಬಂತು. ನಂಬರ್ ಇದ್ದದ್ದು ಸುಳ್ಳಾಗಿರುವುದಿಲ್ಲ.

ಮರುದಿನವೇ ಒಬ್ಬನೇ ಹತ್ತರಗಿಗೆ ಹೋದೆ. ಈ ಸಲ ಥಂಡಿ ಇರಲಿಲ್ಲ, ವಾರ್ನಿಶ್ ಮುಟ್ಟಿರಲಿಲ್ಲ, ಜೇಬಿನಲ್ಲಿ ಚೀಟಿ ಇತ್ತು. ಲಗಮಣ್ಣನವರು ಅಂಗಳದಲ್ಲಿ ಒಂದು ಟಗರಿನ ಬಾಯಿ ತೆರೆದು ನೋಡುತ್ತಾ ನಿಂತಿದ್ದರು. ನನ್ನನ್ನು ಕಂಡು "ಬರ್ರಿ" ಎಂದರು, ದೂರದಿಂದಲೇ, ಹೆಗಲು ಸ್ವಲ್ಪ ಹಿಂದೆ ಸರಿಸಿಕೊಂಡು. ಟಗರು ಬಹಳ ಚೆನ್ನಾಗಿದೆ ಎಂದೆ.

"ಚಲೋ ಐತ್ರಿ, ಆದ್ರ ತಿರುಗಿ ಕಳಸಾಕತ್ತೇನಿ. ಇದರಪ್ಪಂದು ದವಡಿ ಸೊಟ್ಟ ಇತ್ತಂತ ನಿನ್ನಿ ಗೊತ್ತಾತು."

"ಇದರದು ಸರಿ ಐತೆಲ್ಲರಿ."

"ಇದರದು ಸರಿ ಐತ್ರಿ. ನಾಳಿ ಇದರ ಮರಿದು? ರಕ್ತದಾಗ ಇದ್ದದ್ದು ಎಲ್ಲಿ ಹೋಗತೈತಿ?"

ನಾನು ಆ ಮಾತನ್ನು ಟಗರಿಗೆ ಸಂಬಂಧಿಸಿದ್ದು ಎಂದುಕೊಂಡು ಒಳಗೆ ಹೋಗಿ ಕೂತೆ. ಹಿರಿಯರು ಸೇರಿದರು. ಹುಡುಗ ಮಾರುತಿ ಬಾಗಿಲ ಹತ್ತಿರ ನಿಂತಿದ್ದ. ಚೀಟಿ ಬಿಚ್ಚಿ, ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳಿದೆ: ಲಿವರು, ಆಳು, ಕೆಲಸಕ್ಕೆ ಬಾರದಿರುವುದು. ನೋಟುಬುಕ್ಕಿನ ವಿಷಯಕ್ಕೆ ಇನ್ನೂ ಬಂದಿರಲಿಲ್ಲ. ಎಲ್ಲರೂ ಗಂಭೀರವಾಗಿ ಕೇಳಿದರು. ಮೂಸಿ ನೋಡಿದ್ದ ತಮ್ಮ ಮಾತ್ರ ಒಪ್ಪಿದಂತೆ ಕಾಣಲಿಲ್ಲ. ಲಗಮಣ್ಣನವರು ಚೀಟಿಯನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಇದು ನಿಮಗ ನಡುವ ಬಂದದ್ದೋ, ಹುಟ್ಟಾ ಬಂದದ್ದೋ?"

ಉತ್ತರ ನನ್ನ ತುಟಿಯ ಮೇಲಿತ್ತು. ಹುಟ್ಟಾ ಬಂದದ್ದೇ ಎನ್ನಬೇಕು, ಅಪ್ಪನ ಶೇಂಗಾ ಹೊಲದ ಕಥೆಯನ್ನು ಸಾಕ್ಷಿಗೆ ತರಬೇಕು, ನನ್ನ ಹೆಸರು ತೊಳೆದುಕೊಳ್ಳಬೇಕು. "ನಮ್ಮಪ್ಪ..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಳದಲ್ಲಿ ಟಗರು ಒದರಿತು. ನಾನು ಆ ಕಡೆ ನೋಡಿದೆ. ಅದು ದವಡೆ ಸರಿಯಿದ್ದ, ಏನೂ ತಪ್ಪಿಲ್ಲದ, ತಿರುಗಿ ಹೋಗಲಿರುವ ಟಗರು. ನನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಕುಡಿತ ಆಗಿದ್ದರೆ ಅದು ನನ್ನೊಬ್ಬನದು, ನನ್ನ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ಈ ನಂಬರ್ ಇದ್ದದ್ದು ಮನೆತನದ್ದು. ಒಂದು ಸರಿಯಾದ ನೋಟುಬುಕ್ಕು ಸಾಕು ಎಂದು ಈ ಪಡಸಾಲೆಯಲ್ಲಿ ಯಾರಿಗೆ ತಿಳಿಸಿ ಹೇಳಲಿ? ನನಗೆ ತಿಳಿಸಲು ಡಾಕ್ಟರಿಗೆ ಅರ್ಧ ದಿನ ಬೇಕಾಗಿತ್ತು.

"ನಮ್ಮಪ್ಪ ಭಾಳ ಸಂಭಾವಿತ ಮನಿಶಾರಿ," ಎಂದೆ. "ಗಟ್ಟಿ ಆಳು. ನಾನ ಕೆಟ್ಟಾಂವ. ಈ ಚೀಟಿ ಸುಳ್ಳರಿ. ಡಾಕ್ಟರು ಗುರ್ತಿನವರು ಅಂತ ಬರಸ್ಕೊಂಡು ಬಂದೇನಿ. ಅವತ್ತು ಕುಡದಿದ್ದೆ."

ಪಡಸಾಲೆಯಲ್ಲಿ ಒಮ್ಮೆಲೇ ಗಾಳಿ ಆಡಿದಂತಾಯಿತು. ಎಲ್ಲರ ಮುಖ ಸಡಿಲವಾಯಿತು. ತಮ್ಮ, "ನಾ ಅವತ್ತ ಹೇಳಿದ್ನಿ" ಎಂದು ಗೋಡೆಗೆ ಆನಿಕೊಂಡರು. ಲಗಮಣ್ಣನವರು ನನ್ನ ತೊಡೆ ಮುಟ್ಟಿ, "ಇದನ್ನ ಮೊದಲ ಹೇಳಬಾರದೇನ್ರಿ? ಕುಡದಿಲ್ಲ ಅಂತ ಹೇಳಿದ್ದಕ್ಕ ರೋಗ-ಗೀಗ ಏನರ ಇರಬೇಕಂತ ನಮಗ ಅಂಜಿಕಿ ಆಗಿತ್ತು. ಕುಡಿಯೂದು ಗಂಡಸರು ಬಿಡತಾರ, ಹಿಡಿತಾರ. ಈಗ ನಮ್ಮ ತಮ್ಮನ ನೋಡ್ರಿ" ಎಂದರು. ತಮ್ಮ ವಿನಯದಿಂದ ತಲೆ ತಗ್ಗಿಸಿದರು. ಒಂದೇ ಷರತ್ತು ಹಾಕಿದರು: ದೇವರ ಭಂಡಾರದ ಅರಿಶಿನ ಮುಟ್ಟಿ, ಇನ್ನು ಮುಂದೆ ಕುಡಿಯುವುದಿಲ್ಲ ಎಂದು ಆಣೆ ಮಾಡಬೇಕು. ನಾನು ಭಂಡಾರ ಮುಟ್ಟಿ ಆಣೆ ಮಾಡಿದೆ. ಆ ಆಣೆಯನ್ನು ಇಂದಿನವರೆಗೆ ಮುರಿದಿಲ್ಲ. ಆಮೇಲೆ ಸಕ್ಕರೆ ತರಿಸಿದರು. ಈ ಸಲ ಲಗಮಣ್ಣನವರು ನನ್ನ ಕೈ ಮೇಲೇಳುವುದನ್ನು ಕಾಯದೆ ತಾವೇ ಮುಂದೆ ಬಾಗಿ ತಿಂದರು.

ಮನೆಗೆ ಬಂದು ಸುನಂದಾಗೆ ಎಲ್ಲ ಹೇಳಿದೆ. ಅವಳು, "ನಾ ಅವರಿಗೆ ಮುಚ್ಚಿಡೂದಿಲ್ಲ ಅಪ್ಪಾ" ಎಂದಳು. ಮದುವೆಗೆ ಮೊದಲೇ ಹುಡುಗನಿಗೆ ಪತ್ರ ಬರೆದು ನಿಜ ತಿಳಿಸಿದಳು. ಅವನು ಡ್ಯಾಮಿನ ಗೇಟಿನ ಲೆಕ್ಕ ತಿಳಿದವನು, ನೋಟುಬುಕ್ಕಿನ ಲೆಕ್ಕವೂ ತಿಳಿಯಿತು. "ಅಡ್ಡಿ ಇಲ್ಲ. ಆದರೆ ನಮ್ಮಪ್ಪನಿಗೆ ಹೇಳಬೇಡಿ, ಟಗರಿನ ಮಾತು ತೆಗೆಯುತ್ತಾರೆ" ಎಂದು ಉತ್ತರ ಬರೆದ. ಆ ದಿನ ರೊಟ್ಟಿ ಮತ್ತೆ ಸುಟ್ಟವು. ನಾನು ಎರಡು ತಿಂದೆ.

ಹೀಗೆ ನಾನು ಒಂದು ಹನಿಯೂ ಮುಟ್ಟದೆ ಕುಡಿತ ಬಿಟ್ಟೆ. ಬಿಟ್ಟವನಿಗೆ ಸಿಗುವ ಗೌರವ ಎಂದೂ ಕುಡಿಯದವನಿಗೆ ಸಿಗುವುದಿಲ್ಲ ಎಂಬುದು ಆಗ ತಿಳಿಯಿತು. ಬೀಗರ ಮನೆಯ ಕಾರ್ಯಗಳಲ್ಲಿ ನನ್ನನ್ನು ತೋರಿಸಿ, "ಹ್ಯಾಂಗಿದ್ರು, ಹ್ಯಾಂಗಾದ್ರು ನೋಡ್ರಿ" ಎನ್ನುತ್ತಾರೆ. ಒಮ್ಮೆ ಹುಕ್ಕೇರಿಯಲ್ಲಿ ಮದ್ಯ ಬಿಡಿಸುವವರ ಸಭೆ ಇದ್ದಾಗ ಲಗಮಣ್ಣನವರು ಅಭಿಮಾನದಿಂದ ನನ್ನ ಹೆಸರು ಕೊಟ್ಟುಬಿಟ್ಟರು. ಶಾಲು ಹೊದಿಸಿ, ಬಿಟ್ಟ ಬಗೆ ಹೇಳಿರಿ ಎಂದರು. ಬಿಡುವುದು ನನಗೆ ಏನೂ ಕಷ್ಟವಾಗಲಿಲ್ಲ ಎಂದೆ. ಜನ ನನ್ನ ಮನೋಬಲಕ್ಕೆ ಚಪ್ಪಾಳೆ ತಟ್ಟಿದರು. ಕೇಳಲು ಬಂದಿದ್ದ ಮಲ್ಲಪ್ಪ ಮರುದಿನದಿಂದ ನಿಜವಾಗಿಯೂ ಬಿಟ್ಟ. ಅವನಿಗೆ ಯಾರೂ ಶಾಲು ಹೊದಿಸಲಿಲ್ಲ. ನನ್ನದನ್ನೇ ಕೊಟ್ಟೆ. ಅವನ ಸಾವಕಾಶದ ಬಗ್ಗೆ ಪಾಠ ಹೇಳುವುದನ್ನೂ ನಿಲ್ಲಿಸಿದೆ. ಮಲ್ಲಪ್ಪ ಏನೇ ಇರಲಿ, ದಿನಾ ಕೆಲಸಕ್ಕಾದರೂ ಬರುತ್ತಾನೆ.

ಮೊನ್ನೆ ಹತ್ತರಗಿಗೆ ಹೋಗಿದ್ದೆ. ಸುನಂದಾಳ ಮಗನಿಗೆ ಈಗ ಮೂರು ವರ್ಷ. ಥಂಡಿ ಹತ್ತಿತ್ತು. ಸುನಂದಾ ನನ್ನ ಅನುಭವ ನೆನೆದು, ಡಾಕ್ಟರನ್ನು ಕೇಳಿ, ಅವರು ಹೇಳಿದ ಅತಿ ಕಡಿಮೆ ಪ್ರಮಾಣದಲ್ಲಿ ಬೆಳಿಗ್ಗೆ ಔಷಧ ಕುಡಿಸಿದ್ದಳು. ನಾನು ಊರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಹುಡುಗ ಪಡಸಾಲೆಯ ಕಂಬಳಿಯ ಮೇಲೆ, ಹಿಂದೆ ನಾನು ಮಲಗಿದ್ದ ಜಾಗದಲ್ಲೇ, ಬಲಗೈ ಮುಷ್ಟಿ ಹಿಡಿದು ಮಲಗಿದ್ದ. ಸುನಂದಾ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಆಗಲೇ ಡಾಕ್ಟರಿಗೆ ಫೋನು ಮಾಡಿ ಬಂದಿದ್ದಳು. ಅಂಜಬೇಡಿ, ಎಬ್ಬಿಸಿದರೆ ಏಳುತ್ತಾನೆಂದರೆ ಸಾಕು, ಇನ್ನು ಮುಂದೆ ಈ ಔಷಧ ಬೇಡ ಎಂದಿದ್ದರಂತೆ. ನಾನು ಕೆನ್ನೆ ತಟ್ಟಿದೆ. ಕಣ್ಣು ಬಿಟ್ಟು, "ಅಜ್ಜಾ" ಎಂದು, ಮತ್ತೆ ಮಲಗಿದ. ನಾನು ಪಕ್ಕದಲ್ಲೇ ಕೂತೆ. ಉಸಿರು ಎಣಿಸಿದೆ, ಸುತ್ತು ಎಣಿಸಿ ರೂಢಿಯಾದ ಬಾಯಿ.

ಲಗಮಣ್ಣನವರು ಬಂದು ನನ್ನ ಎದುರಿಗೆ ಕೂತರು. ಮೊಮ್ಮಗನನ್ನು ಹೆಮ್ಮೆಯಿಂದ ನೋಡಿದರು.

"ಏನ್ ನಿದ್ದಿರಿ ಇವಂದು. ಸಮಾಧಾನದ ಕೂಸು. ಎಲ್ಲಾ ನಮ್ಮ ಮನಿತನದ್ದು ಬಂದೈತಿ. ಸಿಟ್ಟಿಗೇಳಬ್ಯಾಡ್ರಿ ಮತ್ತ, ನಿಮ್ಮದೊಂದೂ ಗುಣಾ ಬಂದಿಲ್ಲ, ಪುಣ್ಯಾ."

ಎರಡೂ ನೋಟುಬುಕ್ಕು ತಪ್ಪಿದ್ದರಷ್ಟೇ ಹೀಗಾಗುವುದು ಎಂದು ಡಾಕ್ಟರು ಹೇಳಿದ್ದರು. ಒಂದು ತಪ್ಪಿದ್ದು ನಮ್ಮ ಮನೆಯಿಂದ ಬಂದದ್ದು, ಅದು ಗೊತ್ತಿದ್ದದ್ದೇ. ಇನ್ನೊಂದು ಬರಲು ಬೀಗರ ಮನೆ ಬಿಟ್ಟು ಬೇರೆ ಮನೆಯೇ ಇಲ್ಲ. ಆರನೆಯ ಇಯತ್ತೆಯಲ್ಲಿ ನಾನು ಬಿಟ್ಟು ಎದ್ದು ಬಂದ ಭಿನ್ನರಾಶಿಯ ಲೆಕ್ಕ ಅದು. ಇಷ್ಟು ವರ್ಷದ ಮೇಲೆ, ಬೀಗರ ಕಂಬಳಿಯ ಮೇಲೆ, ಅವಸರವಿಲ್ಲದೆ ಕೈಕಟ್ಟಿ ಕೂತು ಅದನ್ನು ಮಾಡಿ ಮುಗಿಸಿದೆ.

"ಎಲ್ಲಾ ಅನ್ನಬ್ಯಾಡ್ರಿ ಬೀಗರ," ಎಂದೆ. "ಅರ್ಧಾ ಅನ್ನರಿ."